ಬಾತ್‌ರೂಮ್ ಕಟ್ಟೆಗೆ ಮಾರ್ಬಲ್ ಬಣ್ಣ: ಈ ಎಪಾಕ್ಸಿ ಕಿಟ್ ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಕಿಟ್‌ನ ಮಾಲಿಗೆ ನಾಲ್ಕು ಕೊಡಬಹುದಿತ್ತು. ಡಬ್ಬಿಯ ಮೇಲೆ ಬರೆದಿರುವ ಮಾತಿಗೆ ಒಂದು ಕಳೆದಿದ್ದೇನೆ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಮೇಲೆ ಕಟ್ಟಿದ್ದು. ಆಗ ಸುಮಾರು ಜನ ಹಾಕಿಸಿದ ಹಾಗೆ ವಾಶ್ ಬೇಸಿನ್ ಕಟ್ಟೆಗೆ ಕರೀ ಕಡಪ ಕಲ್ಲು. ಈಗ ಅದು ಕರೀ ಉಳಿದಿಲ್ಲ, ಬೂದಿ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಬಿಳೀ ಮಚ್ಚೆ. ಕಡಪ ಅಂದ್ರೆ ಸುಣ್ಣದ ಕಲ್ಲಿನ ಜಾತಿ. ಬೋರ್ ನೀರಿನ ಕಲೆ ಹೋಗಲಿ ಅಂತ ಆಸಿಡ್ ಸುರಿದು ತಿಕ್ಕುತ್ತೇವಲ್ಲ, ಅದು ಕಲೆಯ ಜೊತೆ ಕಲ್ಲಿನ ಮೈಯನ್ನೂ ತಿನ್ನುತ್ತದೆ.

ಅದರ ಮೇಲೆ ಮಾರ್ಬಲ್ ಹಾಗೆ ಕಾಣುವ ಬಣ್ಣ ಹಚ್ಚೋಣ ಅಂತ ಈ ಕಿಟ್ ಕೇಳಿದರೆ ಪೇಂಟ್ ಅಂಗಡಿ ಕಾಕಾ ನಕ್ಕರು. "ಅಲ್ರೀ ಸರ, ಇಳಕಲ್ ಇಲ್ಲೇ ಬಾಜೂಕ ಐತಿ, ನೀವು ಕಲ್ಲಿಗೆ ಕಲ್ಲಿನ ಬಣ್ಣ ಹಚ್ಚಾಕ ಹೊಂಟೀರಲ್ರೀ!" ಮಾತು ಸರಿಯೇ, ಇಳಕಲ್ ಗ್ರಾನೈಟ್ ನಮ್ಮ ಜಿಲ್ಲೆಯದೇ. ಆದರೆ ದುಬಾರಿಯಾಗೋದು ಕಲ್ಲಲ್ಲ, ಹಳೇದನ್ನು ಕೀಳುವ ಕೆಲಸ. ಬೇಸಿನ್ ಬಿಚ್ಚಬೇಕು, ಕಡಪ ಎಬ್ಬಿಸುವಾಗ ಗೋಡೆ ಟೈಲ್ಸ್‌ನ ಕೆಳಗಿನ ಸಾಲು ಒಡೆಯುತ್ತದೆ, ಆ ಬಣ್ಣದ ಟೈಲ್ಸ್ ಈಗ ಹುಡುಕಿದರೂ ಸಿಗಲ್ಲ, ಗೌಂಡಿ ಒಬ್ಬರು, ಪ್ಲಂಬರ್ ಒಬ್ಬರು, ಕೊನೆಗೆ ನಾಲ್ಕಡಿ ಕಟ್ಟೆಗಾಗಿ ಇಡೀ ಬಾತ್‌ರೂಮೇ ಹೊಸದು ಮಾಡಿಸಬೇಕು. ಕಿಟ್‌ಗೆ ಆಗಿದ್ದು 2,600 ರೂಪಾಯಿ.

ಒಳಗೆ ಬಿಳೀ ಬೇಸ್ ಪೇಂಟ್, ಗೆರೆ ಎಳೆಯೋಕೆ ಬೂದಿ ಮತ್ತು ಕರೀ ಬಣ್ಣ, ರೆಸಿನ್ ಒಂದು ಬಾಟಲಿ, ಹಾರ್ಡ್ನರ್ ಒಂದು ಬಾಟಲಿ (ಇವೆರಡನ್ನೂ ಕಲಸಿದರೆ ಎಪಾಕ್ಸಿ, ಕೊನೆಗೆ ಬಣ್ಣದ ಮೇಲೆ ಹಚ್ಚುವ ಗಾಜಿನಂಥ ಪದರ), ರೋಲರ್, ಬ್ರಶ್, ಗ್ಲೌಸ್ ಇವೆ. ಪಾಲಿಶ್ ಪೇಪರ್ ಇಲ್ಲ! ಅರ್ಧ ಕೆಲಸ ಅದರದ್ದೇ. 120 ನಂಬರ್‌ನಲ್ಲಿ ತಿಕ್ಕಿ, ಆಮೇಲೆ 220ರಲ್ಲಿ ತಿಕ್ಕಿ, ಹೊಳಪು ಪೂರ್ತಿ ಹೋಗಬೇಕು. ಇಲ್ಲಾಂದ್ರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬೇಸಿನ್ ಸುತ್ತಲಿನ ಹಳೇ ಸಿಲಿಕಾನ್ ಕೂಡ ಬ್ಲೇಡ್‌ನಿಂದ ಕೆರೆದು ತೆಗೆಯಬೇಕು, ಅದರ ಮೇಲೆ ಯಾವ ಪೇಂಟೂ ಕೂರಲ್ಲ. ಬಿರುಕಿಗೆ ಗೋಡೆ ಪುಟ್ಟಿ ಬೇಡ, ನೀರಿಗೆ ಮೆತ್ತಗಾಗುತ್ತದೆ. ಎಪಾಕ್ಸಿ ಪುಟ್ಟಿ ತನ್ನಿ.

ಖುಷಿ ಕೊಟ್ಟಿದ್ದು ಗೆರೆ ಎಳೆಯುವ ಕೆಲಸ. ಬಣ್ಣ ತೆಳು ಮಾಡಿ, ಬ್ರಶ್ಶನ್ನು ತುದಿಯಲ್ಲಿ ಸಡಿಲವಾಗಿ ಹಿಡಿದು, ಓರೆಯಾಗಿ ಎಳೆಯಬೇಕು. ಕೈ ನಡುಗಿದರೆ ಇಲ್ಲಿ ಲಾಭವೇ. ಗೆರೆ ಒಣಗುವ ಮುಂಚೆ ಸ್ವಲ್ಪ ನೀರು ಸಿಂಪಡಿಸಿ ಸ್ಪಂಜಿನಿಂದ ಒತ್ತಿದರೆ ಅಂಚು ಮಸುಕಾಗಿ ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ನಿಜವಾದ ಮಾರ್ಬಲ್‌ನಲ್ಲಿ ಗೆರೆಗಳು ಕವಲೊಡೆಯುತ್ತವೆ, ಒಂದು ಕಡೆ ಗುಂಪಾಗಿರುತ್ತವೆ, ಇನ್ನೊಂದು ಕಡೆ ಖಾಲಿ. ಸಮ ಸಮ ಅಂತರದಲ್ಲಿ ಎಳೆದರೆ ಸೀರೆ ಅಂಚಿನ ಹಾಗೆ ಆಗುತ್ತದೆ. ಕಿಟ್‌ನ ಕರೀ ಬಣ್ಣ ತುಂಬಾ ಗಾಢ, ಬೂದಿಯೇ ಸಾಕು.

ಎಪಾಕ್ಸಿ ಮಾತ್ರ ನಮ್ಮ ಬಿಸಿಲಿನಲ್ಲಿ ಆಟ ಆಡಿಸುತ್ತದೆ. ರೆಸಿನ್ ಮತ್ತು ಹಾರ್ಡ್ನರ್ ಸೇರಿದ ಕೂಡಲೇ ತಾನಾಗಿ ಬಿಸಿಯಾಗೋಕೆ ಶುರು. ಹೊರಗೂ ಸೆಕೆ ಇದ್ದರೆ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದ ಸಮಯಕ್ಕಿಂತ ಮೊದಲೇ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ತಿಂಗಳು ಬಿಡಿ. ಬೇರೆ ದಿನವಾದರೂ ಬೆಳಿಗ್ಗೆ ಬೇಗ ಮಾಡಿ. ಅಳತೆ ಕಪ್ ಬಳಸಿ, ಕಣ್ಣಂದಾಜು ಬೇಡ, ಅಳತೆ ತಪ್ಪಿದರೆ ಅದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇರುತ್ತದೆ. ನಿಧಾನಕ್ಕೆ ಕಲಸಿ, ಜೋರಾಗಿ ಕಲಸಿದರೆ ಗುಳ್ಳೆ ಜಾಸ್ತಿ. ಕಿಟಕಿ ತೆರೆದಿರಲಿ, ಗ್ಲೌಸ್ ಹಾಕಿಕೊಳ್ಳಿ, ಕೆಲವರಿಗೆ ರೆಸಿನ್ ತಾಗಿದರೆ ಚರ್ಮ ಕೆರೆಯುತ್ತದೆ.

ಈಗ ಆ ಕಳೆದ ಸ್ಟಾರ್ ವಿಷಯ. ಡಬ್ಬಿಯ ಮುಂದೆ ದೊಡ್ಡಕ್ಷರದಲ್ಲಿ "ಒಂದೇ ದಿನದಲ್ಲಿ ಹೊಸ ಕಟ್ಟೆ". ಒಳಗಿನ ಚೀಟಿಯಲ್ಲಿ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ, 24 ಗಂಟೆ ಮುಟ್ಟಬೇಡಿ, ಒಂದು ವಾರ ನೀರು ಬೀಳಿಸಬೇಡಿ. ಮನೆಯಲ್ಲಿ ಇರುವುದು ಒಂದೇ ಬಾತ್‌ರೂಮ್ ಆದರೆ ಏನು ಮಾಡಬೇಕು ಹೇಳಿ! ಸುಮ್ನೆ ಮೊದಲೇ ನಿಜ ಬರೆದಿದ್ದರೆ ಯಾರಿಗೂ ಬೇಜಾರಿಲ್ಲ. ಮಾಲು ಎಷ್ಟು ಜಾಗಕ್ಕೆ ಸಾಕು ಅಂತ ಹೇಳುವಾಗಲೂ ಕಟ್ಟೆಯ ಮುಂದಿನ ಅಂಚನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಮಳೆಗಾಲ ಕಳೆದಿದೆ. ನಿಂತು ನೋಡಿದರೆ ಮಾರ್ಬಲ್ಲೇ, ಬಂದವರು ಎಲ್ಲಿ ತಂದಿರಿ ಅಂತ ಕೇಳುತ್ತಾರೆ. ಕೈ ಇಟ್ಟರೆ ಗುಟ್ಟು ಬಯಲು, ಕಲ್ಲಿನ ತಂಪು ಇಲ್ಲ. ಸ್ಟೀಲ್ ತಂಬಿಗೆ ಎಳೆದ ಕಡೆ ಸಣ್ಣ ಗೀರುಗಳಿವೆ. ಕಿಟಕಿ ಪಕ್ಕ ಸ್ವಲ್ಪ ಹಳದಿ ತಿರುಗಿದೆ, ಬಿಸಿಲು ಬಿದ್ದರೆ ಎಪಾಕ್ಸಿ ಹೀಗೇ. ಒರೆಸೋಕೆ ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು. ಆಸಿಡ್, ತಂತಿ ಬ್ರಶ್ ಹತ್ತಿರಕ್ಕೂ ತರಬೇಡಿ.

ಅಡುಗೆಮನೆ ಕಟ್ಟೆಗೂ ಹಚ್ಚೋಣ ಅಂತ ನಮ್ಮಕ್ಕ ಹಟ ಹಿಡಿದಿದ್ದರು, ನಾನು ಒಪ್ಪಲಿಲ್ಲ. ಇಂಥ ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ. ರೊಟ್ಟಿ ಹಂಚು ಇಳಿಸಿಟ್ಟರೆ ಅಲ್ಲೇ ಒಂದು ಉಂಗುರ. ಬಾಡಿಗೆ ಮನೆಯವರಿಗೆ, ಒಡೆಯೋದು ಬೇಡ ಅನ್ನುವವರಿಗೆ, ಎರಡನೇ ಬಾತ್‌ರೂಮ್ ಇರುವವರಿಗೆ ಆಗಬಹುದು. ತಗೊಂಡರೆ ಬ್ರಶ್ ಮಾತ್ರ ಬೇರೆ ತನ್ನಿ, ಕಿಟ್‌ನದು ಕೂದಲು ಉದುರಿಸುತ್ತದೆ, ಒಣಗಿದ ಮೇಲೆ ತೆಗೆಯೋಕಾಗಲ್ಲ.