ಯಶಸ್ವಿನಿ ಕಾರ್ಡ್: ಕೊಡಗಿನವರಿಗೆ ಎಷ್ಟು ಉಪಯೋಗ?

ಯಶಸ್ವಿನಿ ಎಂದರೆ ಸಹಕಾರ ಸಂಘಗಳ ಸದಸ್ಯರಿಗೆ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರಾದರೆ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ಐದನೆಯವರಿಂದ ತಲೆಗೆ 100. ಪಟ್ಟಣದ ಸಂಘಗಳಲ್ಲಿ ಇದು 1000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರ್ಕಾರದ್ದೇ. ಜೇಬಿನಿಂದ ಏನೂ ಹೋಗದು. ಈ ದರಕ್ಕೆ ಖಾಸಗಿ ಪಾಲಿಸಿ ಕನಸಲ್ಲೂ ಸಿಗದು.

ಎಡವುವುದು ನೋಂದಣಿಯಲ್ಲಿ. ಸಂಘದ ಕೌಂಟರಿಗೆ ರೇಷನ್ ಕಾರ್ಡ್, ಎಲ್ಲರ ಆಧಾರ್, ಫೋಟೋ ಒಯ್ಯಬೇಕು. ವಂತಿಗೆ ವಿನಾಯಿತಿಗೆ ಜಾತಿ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯೂ ಬೇಕು. ಆಧಾರಿನಲ್ಲಿ ‘ಕಾವೇರಮ್ಮ’, ರೇಷನ್ ಕಾರ್ಡಿನಲ್ಲಿ ‘ಕಾವೇರಿ’ ಎಂದಿದ್ದರೆ ಮೊದಲು ಅದನ್ನು ಸರಿಪಡಿಸಿ. ಆಸ್ಪತ್ರೆ ಮೇಜಿನ ಮುಂದೆ ಒದ್ದಾಡುವುದು ಬೇಡ. ನೋಂದಣಿಗೆ ಕೊನೆ ದಿನಾಂಕ ಇರುತ್ತದೆ, ದಾಟಿದರೆ ಮುಂದಿನ ವರ್ಷವೇ ಗತಿ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಮರೆಯುವವರೇ ಜಾಸ್ತಿ.

ಇದು ಶಸ್ತ್ರಚಿಕಿತ್ಸೆ, ಒಳರೋಗಿ ಚಿಕಿತ್ಸೆಯ ಯೋಜನೆ. ಜ್ವರಕ್ಕೆ ಬರೆದ ಮಾತ್ರೆಗೆ ಹಣ ಬರದು. ಜನರಲ್ ವಾರ್ಡ್ ಮಾತ್ರ. ಮೇಲ್ದರ್ಜೆ ಕೋಣೆ ಕೇಳಿದರೆ ಹೆಚ್ಚುವರಿ ಬಿಲ್ ನಿಮ್ಮದೇ. ಆಪರೇಷನ್‌ಗೆ ಯೋಜನೆಯಿಂದ ಪೂರ್ವಾನುಮತಿ ಬಂದಿದೆಯೇ ಎಂದು ಕೇಳಿಯೇ ದಾಖಲಾಗಿ.

ಕೊಡಗಿನವರ ನಿಜವಾದ ತೊಂದರೆ ಆಸ್ಪತ್ರೆಗಳ ದೂರ. ದೊಡ್ಡ ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು, ಆ ವಾಹನದ ಬಾಡಿಗೆ ಕಾರ್ಡಿನಲ್ಲಿಲ್ಲ. ಸಂಘದ ಸದಸ್ಯತ್ವವಿಲ್ಲದ, ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರು ಹೊರಗೇ ಉಳಿಯುತ್ತಾರೆ. ಬಿಪಿಎಲ್ ಕಾರ್ಡಿದ್ದರೆ ಅವರಿಗೆ ಸರ್ಕಾರದ ಇನ್ನೊಂದು ಆರೋಗ್ಯ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೇ ಸರಿ.