ಅಜ್ಜಿಯ ತೊಟ್ಟಿಲು ಕಿನ್ನಾಳಕ್ಕೆ ಹೋಗಿ ಬಂತು

ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳ ಕೊಪ್ಪಳದಿಂದ ಅರ್ಧ ತಾಸಿನ ದಾರಿ. ಆದರೆ ಅಜ್ಜಿ ಕಾಲದ ತೊಟ್ಟಿಲನ್ನು ರಿಪೇರಿಗೆಂದು ಟಂಟಂನಲ್ಲಿ ಹಾಕಿಕೊಂಡು ಹೊರಟಾಗ ಒಂದೊಂದು ತಗ್ಗಿಗೂ ಜೀವ ಬಾಯಿಗೆ ಬರುತ್ತದೆ. ಎರಡು ಕೌದಿ ಸುತ್ತಿ ಹಗ್ಗ ಬಿಗಿದಿದ್ದೆ. ಅಷ್ಟಾದರೂ ಧೈರ್ಯ ಸಾಲದೆ ಹಿಂದೆ ಕೂತು ಎರಡೂ ಕೈಯಿಂದ ಹಿಡಿದುಕೊಂಡೆ. ಟಂಟಂನ ಹುಡುಗ ತಿರುಗಿ ನೋಡಿ, "ಸಾವಕಾಶ ಹೊಡೀತೀನ್ರಿ ಅಕ್ಕಾರ, ಒಳಗ ಕೂಸು ಮಲಗೇತಿ ಅಂತ ತಿಳ್ಕೋತೀನಿ" ಅಂದ. ಹೋಗಿಬರಲು 600 ರೂಪಾಯಿ ತಗೊಂಡ. ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ.

ಮನೆಯಲ್ಲಿ ಹಳೆಯ ಕಟ್ಟಿಗೆ ಸಾಮಾನು ಇಟ್ಟುಕೊಂಡು, ಯಾರ ಕೈಗೆ ಕೊಡಬೇಕು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಈ ತೊಟ್ಟಿಲಿಗಿಂತ ಹಳೆಯದು ಬೇರೇನೂ ಇಲ್ಲ. ಅಪ್ಪನ ತಾಯಿ ಹುಟ್ಟಿದಾಗ ಆಕೆಯ ಸೋದರಮಾವ ಕಿನ್ನಾಳದಲ್ಲೇ ಮಾಡಿಸಿ ತಂದದ್ದು. ಆಗ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು, ಅಲ್ಲಿಯ ದಿವಾನರ ಮನೆತನವಾದ ಸಾಲಾರ್ ಜಂಗರ ಜಾಗೀರು. ಒಂದು ಚೀಲ ಬಿಳಿಜೋಳ, ಮೇಲೆ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ರೊಕ್ಕ ಕೊಟ್ಟು ತಂದಿದ್ದನಂತೆ. ಅಜ್ಜಿ ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ಕೂಸಿನ ಜತೆ ತೊಟ್ಟಿಲೂ ಬಂತು. ಆ ಕೂಸೇ ನಮ್ಮಪ್ಪ.

ಆಮೇಲೆ ಅಜ್ಜಿಯ ಗಂಡನ ಊರೇ ಇಲ್ಲವಾಯಿತು. ತುಂಗಭದ್ರಾ ಡ್ಯಾಮು ಮುಗಿದದ್ದು 1953ರಲ್ಲಿ. ಹಿನ್ನೀರು ಬರುವ ಮೊದಲು ಮನೆ ಬಿಚ್ಚಿ, ಒಯ್ಯಬಹುದಾದದ್ದನ್ನೆಲ್ಲ ಚಕ್ಕಡಿಗೆ ಹೇರಿದರು. ತಲಬಾಗಿಲು ಚೌಕಟ್ಟು ಸಮೇತ ಬಂತು, ಬೀಸುವ ಕಲ್ಲು ಬಂತು. ದೇವರ ಜಗಲಿಯ ಮೂರ್ತಿಗಳನ್ನು ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಈ ತೊಟ್ಟಿಲೊಳಗೆ ಮಲಗಿಸಿ ತಂದಳು. ದಾರಿಯುದ್ದಕ್ಕೂ ತೊಟ್ಟಿಲು ಅಲುಗದಂತೆ ಹಿಡಿದುಕೊಂಡು ಪಕ್ಕದಲ್ಲೇ ನಡೆದಿದ್ದಳಂತೆ. ಮೊನ್ನೆ ಟಂಟಂನಲ್ಲಿ ಕೂತಾಗ ನನಗೆ ನೆನಪಾದದ್ದು ಅದೇ.

ಕಳೆದ ಕಾರ್ತೀಕದಲ್ಲಿ ಮಗಳ ಕುಬಸದ (ಸೀಮಂತದ) ಮಾತು ಬಂದಾಗ ಅಟ್ಟದಿಂದ ಇಳಿಸಿ ನೋಡಿದೆವು. ಸಾಗವಾನಿ ಚೌಕಟ್ಟು ಗಟ್ಟಿಯಿತ್ತು. ತಳದ ಎರಡು ಹಲಗೆಗೆ ಹುಳ ಹತ್ತಿತ್ತು. ನಾಲ್ಕು ಮೂಲೆಯ ನಾಲ್ಕು ಗಿಳಿಗಳಲ್ಲಿ ಒಂದು ಪೂರಾ ಇಲ್ಲ, ಇನ್ನೊಂದಕ್ಕೆ ಕೊಕ್ಕಿಲ್ಲ. ಬದಿಯ ಕಡ್ಡಿಗಳಲ್ಲಿ ಮೂರು ಸಡಿಲ.

ರಿಪೇರಿಗೆ ಕೊಡಲು ನಾನು ಬಹಳ ಹೆದರಿದ್ದೆ. ಎರಡು ವರ್ಷದ ಹಿಂದೆ ಅಜ್ಜಿಯ ಎಲಿ-ಅಡಿಕೆ ಪೆಟ್ಟಿಗೆಯನ್ನು ಬಳ್ಳಾರಿಯ ಒಂದು ಪಾಲಿಶ್ ಅಂಗಡಿಗೆ ಕೊಟ್ಟಿದ್ದೆ. ಅದರ ಮುಚ್ಚಳದ ಒಳಮೈಯಲ್ಲಿ ಅಜ್ಜಿ ಸುಣ್ಣದ ಬೆರಳು ಒರೆಸಿ ಒರೆಸಿ ಬಿಳಿಯ ಗೆರೆಗಳಾಗಿದ್ದವು. ಒಂದರ ಮೇಲೊಂದು, ಎಲ್ಲವೂ ಎಡಗಡೆ ಓರೆ. ಅಂಗಡಿಯವರು ಮೆಷಿನ್ ಹಿಡಿದು ಒಳಗೂ ಹೊರಗೂ ಉಜ್ಜಿ, ಕನ್ನಡಿ ಥರ ಹೊಳೆಯುವಂತೆ ಮಾಡಿಕೊಟ್ಟರು. ಅವರು ಕಷ್ಟಪಟ್ಟೇ ಮಾಡಿದ್ದರು. ನಾನು ಆ ಗೆರೆಗಳ ಬಗ್ಗೆ ಮೊದಲೇ ಹೇಳಬೇಕಿತ್ತು, ಅವರೂ ಒಂದು ಮಾತು ಕೇಳಬೇಕಿತ್ತು. ಆ ಪೆಟ್ಟಿಗೆಯನ್ನು ಈಗ ತೆರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಿನ್ನಾಳದಲ್ಲಿ ಕಟ್ಟಿಗೆ ಕೆತ್ತಿ ಬಣ್ಣ ಹಾಕುವ ಚಿತ್ರಗಾರರ ಮನೆ ಯಾವುದು ಅಂದರೆ ಯಾರಾದರೂ ತೋರಿಸುತ್ತಾರೆ. ಬೋರ್ಡು ಹುಡುಕುವುದು ಬೇಡ. ನಾವು ಹೋದದ್ದು ಒಬ್ಬ ಹಿರಿಯರ ಮನೆಗೆ. ಪಡಸಾಲೆಯೇ ಕಾರ್ಖಾನೆ. ಒಂದು ಕಡೆ ಬಣ್ಣ ಕಾಣದ ಗರುಡನ ರೆಕ್ಕೆಗಳು ಒಣಗುತ್ತಿದ್ದವು, ಇನ್ನೊಂದು ಕಡೆ ಅವರ ಹೆಂಡತಿ ಹುಣಸೆಬೀಜದ ಅಂಟು ಕಲಸುತ್ತಿದ್ದರು. ಗರುಡನಿಗೆ 12 ಬಿಡಿ ಭಾಗ, ಪೀಠದ ಮೇಲೆ ಕೂತ ಗಣಪತಿಗೆ 22. ಎಲ್ಲವನ್ನೂ ಬೇರೆ ಬೇರೆ ಕೆತ್ತಿ ಆ ಅಂಟಿನಿಂದಲೇ ಜೋಡಿಸುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂಬುದು ಈ ಮನೆತನಗಳ ನಂಬಿಕೆ.

ಹಿರಿಯರು ತೊಟ್ಟಿಲಿಗೆ ಕೈ ಹಚ್ಚುವ ಮೊದಲು ಅದನ್ನು ಸುತ್ತು ಹಾಕಿ ನೋಡಿದರು, ಕೂತು ನೋಡಿದರು, ತಳವನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಆಮೇಲೆ ಸಣ್ಣ ಚೂರಿಯಿಂದ ಒಂದು ಮೂಲೆಯಲ್ಲಿ ಉಗುರಿನಷ್ಟೇ ಜಾಗ ಕೆರೆದರು. ಮೇಲೆ ದಪ್ಪ ನೀಲಿ. ಅದರ ಕೆಳಗೆ ಕೆಂಪು. ಕೆಂಪಿನ ಮೇಲೆ ಕೂದಲೆಳೆಯಂಥ ಹಳದಿ ಬಳ್ಳಿಯ ಒಂದು ತುಣುಕು. ಮಗನನ್ನು ಕರೆದು ತೋರಿಸಿದರು. "ನೋಡಪಾ, ಎಲಿ ತುದಿ ಹೆಂಗ ಮಡಚ್ಯಾರ. ಇದು ನಮ್ಮ ಊರಿನ ಕೈ."

ಆ ನೀಲಿ ನಮ್ಮಪ್ಪ ಬಳಿದದ್ದು. 1968ರಲ್ಲಿ ನಾನು ಹುಟ್ಟಿದಾಗ ಮುಳುಗಡೆ ಊರಿನಿಂದ ತಂದ ತಲಬಾಗಿಲಿಗೆ ಆಯಿಲ್ ಪೇಂಟ್ ಹೊಡೆಸಿ, ಉಳಿದದ್ದನ್ನು ತಾನೇ ಕೂತು ತೊಟ್ಟಿಲಿಗೆ ಬಳಿದಿದ್ದ. ಚಿತ್ರ ಮುಚ್ಚಿಹೋಯಿತು ಅಂತ ಅಜ್ಜಿ ಎರಡು ದಿನ ಅವನ ಜತೆ ಮಾತು ಬಿಟ್ಟಿದ್ದಳಂತೆ. ಅವನಿಗೆ ಮಾತ್ರ ಮಗಳಿಗೆ ಹೊಸ ತೊಟ್ಟಿಲು ಕೊಟ್ಟೆ ಅನ್ನುವ ಖುಷಿ. ಹೊಸದು ತರಲು ಆಗ ಕೈಯಲ್ಲಿ ರೊಕ್ಕವಿರಲಿಲ್ಲ.

ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಅವರು ಚೂರಿ ಕೆಳಗಿಟ್ಟರು.

"ಹಂಗಾದ್ರ ನೀವು ಹೇಳ್ರಿ ಅಮ್ಮಾರ. ಇದರ ಮ್ಯಾಲ ನಮ್ಮ ಕಿಟ್ಟ, ಅಂದ್ರ ಬಣ್ಣಕ್ಕಿಂತ ಮೊದಲ ಹಚ್ಚೂ ಲೇಪ, ನಿಲ್ಲಂಗಿಲ್ಲ. ಚಿತ್ರ ಬೇಕಂದ್ರ ನೀಲಿ ತಗೀಬೇಕು. ಆದರ ಅದು ನಿಮ್ಮಪ್ಪಾರ ಕೈ."

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. "ಇವತ್ತ ಹೇಳಬ್ಯಾಡ್ರಿ, ನಾಲ್ಕು ದಿನ ಬಿಟ್ಟು ಫೋನ್ ಮಾಡ್ರಿ, ಅಲ್ಲಿತನಕ ಬರೇ ತಳದ ಕೆಲಸ ಮಾಡಿರ್ತೀನಿ" ಅಂದರು. ನಾನು ಈ ಮನೆಯವರನ್ನು ಹೊಗಳುವುದು ಮುಖ್ಯವಾಗಿ ಈ ಒಂದು ಮಾತಿಗೆ. ರಿಪೇರಿ ಮಾಡುವವರಿಗೆ ಕೈಚಳಕ ಇರುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಮನೆಯವರನ್ನು ಕೇಳುವ ತಾಳ್ಮೆ ನಾನು ನೋಡಿದ್ದು ಇಲ್ಲೇ.

ಐದನೇ ದಿನ ಫೋನ್ ಮಾಡಿ, ಹೊರಮೈಯ ನೀಲಿ ತೆಗೆಯಿರಿ, ತಲೆ ಕಡೆಯ ಪಟ್ಟಿಯ ಒಳಮೈ ಮಾತ್ರ ಹಾಗೇ ಬಿಡಿ ಅಂತ ಹೇಳಿದೆ. ಬ್ರಷ್ಷಿನ ಒಂದು ಕೂದಲು ಅಲ್ಲಿ ಬಣ್ಣದಲ್ಲಿ ಅಂಟಿಕೊಂಡು ಉಳಿದಿದೆ. ಚಿಕ್ಕವಳಿದ್ದಾಗ, ತಮ್ಮನನ್ನು ತೂಗುತ್ತ ಅದನ್ನು ಉಗುರಿನಿಂದ ಕೀಳಲು ನೋಡುತ್ತಿದ್ದೆ. ಬರುತ್ತಿರಲಿಲ್ಲ.

ಕೆಲಸ ನಡೆಯುವಾಗ ಎರಡು ಸಲ ಹೋಗಿ ನೋಡಿ ಬಂದೆ. ಬೇಡ ಅನ್ನಲಿಲ್ಲ, ಚಹಾ ಕೊಟ್ಟು ಕೂಡಿಸಿದರು. ಹೊಸ ಗಿಳಿಯನ್ನು ಹಗುರ ಕಟ್ಟಿಗೆಯಲ್ಲಿ ಕೆತ್ತಿದ್ದರು. ಹಳೆಯ ಗಿಳಿಯನ್ನು ಪಕ್ಕದಲ್ಲಿಟ್ಟು ಕೊಕ್ಕಿನ ಬಾಗು ಸೇರಿಸಿ ನೋಡುತ್ತಿದ್ದರು. ಸೊಸೆ ಕಿಟ್ಟ ಹಚ್ಚುತ್ತಿದ್ದಳು. ಗೋಣಿನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ. ಅದನ್ನು ಬೆರಳಿನಿಂದಲೇ ಸವರಿ, ಮೇಲೆ ಹತ್ತಿ ಬಟ್ಟೆಯ ಚಿಂದಿ ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಅದು ಒಣಗಿದ ಮೇಲೇ ಬಣ್ಣ. ಗಿಳಿಯ ಕೊರಳಿನ ಸರ ಉಬ್ಬಿ ಕಾಣುತ್ತದಲ್ಲ, ಅದು ಕೆತ್ತಿದ್ದಲ್ಲ. ಕಲ್ಲಿನ ಪುಡಿ ಮತ್ತು ಅಂಟಿನ ಗಂಜಿಯನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟದ್ದು. ಸೊಸೆ ಒಂದು ಸರಕ್ಕೆ 17 ಚುಕ್ಕಿ ಇಟ್ಟಳು, ಎಣಿಸಿದೆ. ಉಸಿರು ಬಿಗಿಹಿಡಿದು ಇಡುತ್ತಿದ್ದಳು, ಸರ ಮುಗಿದ ಮೇಲೆ ಒಮ್ಮೆ ಜೋರಾಗಿ ಬಿಟ್ಟಳು.

ಬಣ್ಣ ಕೂಸಿನ ಬಾಯಿಗೆ ಹೋದರೆ ಏನು ಗತಿ ಅಂತ ಮಗಳಿಗೆ ಚಿಂತೆಯಿತ್ತು. ನಾನು ಕೇಳುವ ಮೊದಲೇ ಹಿರಿಯರ ಹೆಂಡತಿ ಹೇಳಿದರು: "ಹಿಡಕೊಂಡು ನಿಂದರೂ ವಯಸ್ಸಿಗೆ ಕೂಸು ಮೊದಲ ಕಡಿಯೂದು ಮ್ಯಾಲಿನ ಪಟ್ಟೀನ. ಅಲ್ಲೆ ಬಣ್ಣ ಬ್ಯಾಡ, ಬರೇ ಕಟ್ಟಿಗಿ ಇರ್ಲಿ." ಹಾಗಾಗಿ ಮೇಲಿನ ಪಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಬಿಟ್ಟಿದ್ದಾರೆ. ಅಲ್ಲಿ ಹಳೆಯ ಹಲ್ಲಿನ ಗುರುತುಗಳೂ ಇವೆ. ನನ್ನವೋ ತಮ್ಮನವೋ.

ಇನ್ನು ಕೊರತೆಗಳು. 20 ದಿನ ಅಂದವರು 41 ದಿನ ತಗೊಂಡರು. ನಡುವೆ ಯಾವುದೋ ಊರಿನ ಜಾತ್ರೆಯ ಪಲ್ಲಕ್ಕಿ ಕೆಲಸ ಬಂತು, ನಮ್ಮದು ಹಿಂದೆ ಬಿತ್ತು. ಅದನ್ನು ಅವರಾಗೇ ಫೋನ್ ಮಾಡಿ ತಿಳಿಸಲಿಲ್ಲ, ನಾನೇ ಮಾಡಿ ಕೇಳಬೇಕಾಯಿತು. ಮಗಳಿಗೆ ದಿನ ತುಂಬುತ್ತ ಬಂದಿತ್ತು, ನನಗೆ ರಾತ್ರಿ ನಿದ್ದೆ ಇರಲಿಲ್ಲ. ರಸೀದಿ ಕೊಡುವುದಿಲ್ಲ. ಹೊಸ ಗಿಳಿಯ ಹಸಿರು ಉಳಿದ ಮೂರಕ್ಕಿಂತ ಎದ್ದು ಕಾಣುತ್ತದೆ. ಸ್ವಲ್ಪ ಮಂಕು ಮಾಡಿ ಅಂದೆ. "ಇನ್ನ ಹತ್ತು ವರ್ಷಕ್ಕ ತಾನ ಮಂಕಾಗತೈತ್ರಿ" ಅಂದರು. ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಒತ್ತಾಯ ಮಾಡಲಿಲ್ಲ. ಬಣ್ಣದ ವಾಸನೆ ಹೋಗಲು 15 ದಿನ ಗಾಳಿಗಿಡಬೇಕು, ಆ ಲೆಕ್ಕ ಮೊದಲೇ ಇಟ್ಟುಕೊಳ್ಳಿ.

ಒಟ್ಟು 7,800 ರೂಪಾಯಿ ಆಯಿತು. 2,000 ಮುಂಗಡ, ಉಳಿದದ್ದು ಒಯ್ಯುವಾಗ. ಈ ದುಡ್ಡಿಗೆ ಹೊಸ ತೊಟ್ಟಿಲೇ ಬರುತ್ತದೆ ಅಂತ ಅಳಿಯ ಹೇಳಿದ. ಬರುತ್ತದೆ, ನಿಜ. ತಳಕ್ಕೆ ಎರಡು ಹೊಸ ಸಾಗವಾನಿ ಹಲಗೆ, ಒಂದು ಗಿಳಿ, ಒಂದು ಕೊಕ್ಕು, ಮೂರು ಕಡ್ಡಿ, ಸುತ್ತಲೂ ಚಿತ್ರ. ಕೆಲಸ ನೋಡಿದವಳಾಗಿ ಹೇಳುತ್ತೇನೆ, ಹೆಚ್ಚೇನೂ ತಗೊಂಡಿಲ್ಲ.

ತರಲು ಹೋದ ದಿನ ಪಡಸಾಲೆಯ ತೊಲೆಗೆ ತೂಗುಹಾಕಿ ಇಟ್ಟಿದ್ದರು. ಸರಿಯಾಗಿ ತೂಗುತ್ತದೋ ನೋಡಲೆಂದು ನಾನು ಕೈ ಹಾಕಿದೆ. ಹಿರಿಯರ ಹೆಂಡತಿ ಓಡಿಬಂದು ಕೈ ಹಿಡಿದರು. "ಬರೇ ತೊಟ್ಟಲಾ ತೂಗಬಾರದ್ರೀ ಯಕ್ಕಾ!" ಒಳಗೆ ಹೋಗಿ ತಮ್ಮ ರುಬ್ಬುವ ಗುಂಡಕಲ್ಲು ತೊಳೆದು ತಂದು, ಅರಿಶಿನ ಹಚ್ಚಿ, ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ಇಬ್ಬರೂ ಸೇರಿ ತೂಗಿದೆವು. ಎಂಟು-ಹತ್ತು ಕಿಲೋ ಕಲ್ಲು, ಒಂದು ಕಿರುಗುಟ್ಟುವ ಸದ್ದಿಲ್ಲ.

ಮೊಮ್ಮಗಳ ಹೆಸರಿಡುವ ದಿನ ನಮ್ಮ ಮನೆಯ ಗುಂಡಕಲ್ಲು ತೂಗಿ, ಆಮೇಲೆ ಕೂಸನ್ನು ಹಾಕಿದೆವು. ತಲೆ ಆ ನೀಲಿ ಪಟ್ಟಿಯ ಕಡೆ.

ಹೋಗುವವರು ಸರಪಳಿ, ಕೊಂಡಿ ನೀವೇ ಒಯ್ಯಿರಿ, ಅವರಲ್ಲಿ ಸಿಗುವುದಿಲ್ಲ. ಜಾತ್ರೆಗಳ ಕಾಲ ಬಿಟ್ಟು ಹೋಗಿ. ಆ ಸಾಮಾನಿನ ಮೇಲೆ ಯಾವ ಗುರುತು ಉಳಿಯಬೇಕು ಅನ್ನುವುದನ್ನು ಮನೆಯಲ್ಲೇ ಮಾತಾಡಿಕೊಂಡು, ಅದರ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಒಯ್ಯಿರಿ.