ಕೊಪ್ಪಳದ ಮಿಲ್ಟ್ರಿ ಮಾಸ್ತರ ಟ್ಯೂಷನ್: ಒಂದು ವರ್ಷ ಕಳಿಸಿದ ಮ್ಯಾಲೆ ಬರೀತಿರೋದು

ನವೋದಯ, ಸೈನಿಕ ಸಾಲಿ ಪರೀಕ್ಷೆಗೆ ಕೊಪ್ಪಳದಾಗ ಮಕ್ಕಳನ್ನ ಎಲ್ಲಿ ಹಾಕೋದು ಅಂತ ಭಾಳ ಮಂದಿ ಕೇಳತಿರತಾರ, ಅದಕ್ಕ ನಮ್ಮ ಅನುಭವ ಬರೀತೀನಿ. ನಮ್ಮ ಮಗ 5ನೇ ಕ್ಲಾಸಿಗೆ ಬಂದಾಗ ಮೊದ್ಲು ದೊಡ್ಡ ಬ್ಯಾನರ್ ಹಾಕಿದ್ದ ಒಂದು ಕಡೆ ಸೇರಿಸಿದ್ವಿ, ಪೂರ್ತಿ ಫೀಸ್ ಒಂದೇ ಸಲ ಕಟ್ಟಿಸ್ಕೊಂಡ್ರು, ಎರಡು ತಿಂಗಳಾದ್ರೂ ಝೆರಾಕ್ಸ್ ನೋಟ್ಸ್ ಬಿಟ್ರ ಏನೂ ಇಲ್ಲ, ಹುಡುಗನ ಹೆಸರು ಸೈತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಡಿಸಿದ್ವಿ. ಆಮ್ಯಾಲೆ ಪಕ್ಕದ ಮನಿ ಅಕ್ಕಾರು ಮಿಲ್ಟ್ರಿ ಮಾಸ್ತರ ಬಗ್ಗೆ ಹೇಳಿದ್ರು.

ಬೋರ್ಡ್ ಇಲ್ಲ, ಗೂಗಲ್ ಮ್ಯಾಪಿನಾಗ ಸಿಗಲ್ಲ. ಅವರ ಮನಿ ಮಾಳಿಗಿ ಮ್ಯಾಲೆ ತಗಡಿನ ಶೆಡ್ಡು, ಕೆಳಗ ಜಮಖಾನಿ, ಒಂದು ಕರೀ ಹಲಗಿ, ಅಷ್ಟ. ಮುಂಜಾನೆ 6ಕ್ಕ ಶುರು. ತಿಂಗಳಿಗೆ 500 ರೂಪಾಯಿ, ಕೊಡಾಕ ಆಗದವ್ರ ಹತ್ರ ಕೇಳೋದೇ ಇಲ್ಲ.

ಸರ್ 1980ರಾಗ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದವ್ರು, 17 ವರ್ಷ ಸರ್ವಿಸ್ ಮಾಡಿ ಹವಾಲ್ದಾರ್ ಆಗಿ ಬಂದಾರ. ಸಿಯಾಚಿನ್ನಿನಾಗೂ ಇದ್ರಂತ, ಬಲಗೈ ತೋರು ಬೆರಳಿನ ತುದಿ ಅಲ್ಲೇ ಹೋಗೈತಿ, ಚಾಕ್‌ಪೀಸ್ ಹೆಬ್ಬೆರಳು ನಡುಬೆರಳಿನಾಗ ಹಿಡದು ಬರೀತಾರ, ಆದ್ರೂ ಅಕ್ಷರ ಮುತ್ತಿನಂಗ. ಅದರ ಬಗ್ಗೆ ಅವರಾಗೇ ಏನೂ ಹೇಳಲ್ಲ. ಮಾಸ್ತರ ಯಾಕಾದ್ರಿ ಅಂತ ನಮ್ಮನೆಯವ್ರು ಒಮ್ಮೆ ಕೇಳಿದಾಗ ಮಾತ್ರ ಹೇಳಿದ್ರು: ಆಗ ಫೋನ್ ಎಲ್ಲಿದ್ವು, ಊರಿಂದ 56 ಎ.ಪಿ.ಒ. ಅನ್ನೋ ಫೌಜಿನ ಅಂಚೆ ವಿಳಾಸಕ್ಕ ಇನ್‌ಲ್ಯಾಂಡ್ ಪತ್ರ ಬರತಿದ್ವು, ನಮ್ಮ ಕಡೆ ಹುಡುಗ್ರಿಗೆ ಕೆಲವ್ರಿಗೆ ಸರಿಯಾಗಿ ಓದಾಕ ಬರತಿರಲಿಲ್ಲ, ಹೆಂಡ್ತಿ ಬರೆಸಿದ ಪತ್ರನ ಇನ್ನೊಬ್ರ ಬಾಯಿಂದ ಕೇಳಬೇಕು, ಅವ ತಲಿ ತಗ್ಗಿಸಿ ಕುಂತಿರತಿದ್ದ, ಅದನ್ನ ನೋಡಿ ನೋಡಿ ಊರಿಗೆ ಹೋದ್ಮ್ಯಾಲೆ ಇದೇ ಕೆಲಸ ಅಂತ ಅನ್ಕೊಂಡ್ನಿ ಅಂತ. 35ರ ವಯಸ್ಸಿಗೆ ಟಿ.ಸಿ.ಎಚ್. ಅಂದ್ರ ಮಾಸ್ತರ ತರಬೇತಿ ಕೋರ್ಸ್ ಸೇರಿ 18-19ರ ಹುಡುಗ್ರ ಜೋಡಿ ಬೆಂಚಿನಾಗ ಕುಂತು ಓದ್ಯಾರ, ಆಮ್ಯಾಲೆ ಸರ್ಕಾರಿ ಪ್ರಾಥಮಿಕ ಸಾಲಿ ಮಾಸ್ತರಾಗಿ 2022ರಾಗ ರಿಟೈರ್ ಆದ್ರು.

ಮಿಲ್ಟ್ರಿ ಅಂದ್ರ ಬೆತ್ತ ಇರತೈತಿ ಅಂತ ನಾನು ಹೆದರಿದ್ದೆ. ಒಂದು ವರ್ಷದಾಗ ಒಂದು ಮಗೂಗೂ ಕೈ ಎತ್ತಿಲ್ಲ. ಅವರ ಪದ್ಧತಿ ಏನಂದ್ರ ಜೋಡಿ. ಫೌಜಿನಾಗ ಇಬ್ರಿಬ್ರ ಜೋಡಿ ಇರತೈತಂತ, ಇಲ್ಲೂ ಹಂಗ. ಒಬ್ರಿಗೆ ಲೆಕ್ಕ ತಿಳದ್ರ ಇನ್ನೊಬ್ರಿಗೆ ತಿಳಿಸಬೇಕು, ಇಬ್ರದೂ ಮುಗದ್ಮ್ಯಾಲೆ ಇಬ್ರೂ ಏಳಬೇಕು, ಒಬ್ರು ಬರಲಿಲ್ಲ ಅಂದ್ರ ಯಾಕ ಬಂದಿಲ್ಲ ಅಂತ ಇನ್ನೊಬ್ರಿಗೆ ಗೊತ್ತಿರಬೇಕು. ನಮ್ಮವನಿಗೆ ಜೋಡಿಯಾಗಿದ್ದು ಹತ್ರದ ಹಳ್ಳಿ ಹುಡುಗಿ, ಅವರಪ್ಪ ರೈಸ್ ಮಿಲ್ಲಿನಾಗ ಹಮಾಲಿ, ದಿನಾ ಸೈಕಲ್ ಮ್ಯಾಲೆ ಬಿಟ್ಟು ಹೋಗತಿದ್ರು.

ನಾವು ಸೇರಿಸಿದ್ದು 2024ರ ಆಗಸ್ಟಿನಾಗ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ಕೊಂಡು ಹೋದ ವಾರ. ಊರೆಲ್ಲಾ ಅದೇ ಮಾತು, ಸರ್ ಅವತ್ತು ಅದನ್ನೇ ಲೆಕ್ಕ ಮಾಡಿಸಿದ್ರು. ನಾನು ಫೀಸ್ ಕೊಡಾಕ ಹೋದಾಕಿ ಮೆಟ್ಟಿಲ ಮ್ಯಾಲೆ ನಿಂತು ಪೂರ್ತಿ ಕೇಳಿದೆ. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ ನೀರು, ದಿನಕ್ಕ ಸೆಕೆಂಡ್ ಎಷ್ಟು, 86,400, ಒಂದು ಲಕ್ಷ ಕ್ಯೂಸೆಕ್ ಬಿಟ್ರ 864 ಕೋಟಿ ಘನ ಅಡಿ, 100 ಕೋಟಿ ಅಂದ್ರ ಒಂದು ಟಿಎಂಸಿ, ಹಂಗಾದ್ರ ದಿನಕ್ಕ ಎಷ್ಟು ಟಿಎಂಸಿ ಹೋತು? ನಮ್ಮವ ಸೊನ್ನಿಗಳಾಗೇ ಸಿಕ್ಕೊಂಡ. ಆ ಹುಡುಗಿ ಅವನ ಪಾಟಿ ಮ್ಯಾಲೆ ಬೆರಳಿಟ್ಟು ಒಂದೊಂದ ಸೊನ್ನಿ ಹೊಡೆಸಿ 8.64 ತರಿಸಿದ್ಲು. ಸರ್ ಬಾಯಿ ಹಾಕಲಿಲ್ಲ, ಕೈ ಕಟ್ಕೊಂಡು ನಿಂತಿದ್ರು. ಅವತ್ತು ರಾತ್ರಿ ಇವ ಅವರ ತಾತನ ಮುಂದ ಕುಂತು ತುಂಬಿದ ಡ್ಯಾಮಿನ 105 ಟಿಎಂಸಿ ಎಷ್ಟು ದಿನಕ್ಕ ಖಾಲಿ ಆಗತೈತಿ ಅಂತ ಹೇಳಿದಾಗ, ನೀರಾವರಿ ಹೊಲ ಇರೋ ನಮ್ಮ ಮಾವನವ್ರು ಊಟ ಬಿಟ್ಟು ಕೇಳಿದ್ರು.

ಭಾನುವಾರ ಗುಡ್ಡಕ್ಕ ನಡಿಸ್ಕೊಂಡು ಹೋಗತಾರ. ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನ ಇದ್ದೂರಾಗ ಹುಟ್ಟಿ ನಾನು ಒಮ್ಮೆನೂ ನೋಡಿರಲಿಲ್ಲ, ಮಗ ನೋಡಿ ಬಂದು ಮಸ್ಕಿ ಶಾಸನದಾಗ ಅಶೋಕ ಅನ್ನೋ ಹೆಸರೇ ಐತಿ ಅಂತ ನನಗ ಹೇಳಿದ. ದಾರ್ಯಾಗ ತಮ್ಮ ಹೆಜ್ಜಿ ಎಷ್ಟು ಸೆಂಟಿಮೀಟರ್ ಅಂತ ಅಳದು, ಹೆಜ್ಜಿ ಎಣಿಸಿ ದೂರ ಲೆಕ್ಕ ಹಾಕೋದು ಕಲಿಸ್ಯಾರ.

ಕೊರತಿನೂ ಹೇಳಬೇಕಲ್ಲ. ನವೋದಯದ 80 ಪ್ರಶ್ನೆಯಾಗ 40 ಮಾನಸಿಕ ಸಾಮರ್ಥ್ಯದವು, ಅಂದ್ರ ಬರೇ ಆಕೃತಿ, ಚಿತ್ರ. ಅದನ್ನ ಸರ್ ಕಡಿಮಿ ಮಾಡಸತಾರ, ಲೆಕ್ಕಕ್ಕ ಕೊಡೋ ಟೈಮಿನ ಅರ್ಧನೂ ಕೊಡಲ್ಲ. ಉತ್ತರದ ಗೋಲಕ್ಕ ಮಸಿ ತುಂಬೋ ಓಎಂಆರ್ ಹಾಳಿ ತುಂಬೋದು ನಾವೇ ಮನ್ಯಾಗ ಪ್ರಾಕ್ಟೀಸ್ ಮಾಡಿಸಿದ್ವಿ. ಇದನ್ನ ಅವರ ಮುಂದನೂ ಹೇಳೇನಿ, ಈ ವರ್ಷ ವಾರಕ್ಕ ಎರಡು ದಿನ ಅದಕ್ಕಂತ ಇಟ್ಟಾರ.

ರಿಸಲ್ಟ್ ಕೇಳತೀರಿ. ಜೋಡಿಯಾಗಿದ್ದ ಹುಡುಗಿಗೆ ಕುಕನೂರು ನವೋದಯ ಆತು. ನಮ್ಮವನಿಗೆ ಆಗಲಿಲ್ಲ. ಇರೋದೇ 80 ಸೀಟು, ಅದರಾಗ 75 ಪರ್ಸೆಂಟ್ ಹಳ್ಳಿ ಮಕ್ಕಳಿಗೆ, ಹಂಗ ಇರಬೇಕಾದ್ದೂ ಸರಿ, ಮತ್ತ 6ನೇ ಕ್ಲಾಸಿಗೆ ಒಂದೇ ಸಲ ಬರಿಯಾಕ ಬರೋದು. ರಿಸಲ್ಟ್ ಬಂದ ದಿನ ಇವ ಅತ್ತಾನ, ಆದ್ರ ಸೈಕಲ್ ತೊಗೊಂಡು ಮೊದ್ಲು ಹೋಗಿದ್ದು ಅವರ ಮನಿಗೆ, ಆಕಿಗೆ ಹೇಳಾಕ, ಯಾಕಂದ್ರ ಅವರ ಮನ್ಯಾಗ ರಿಸಲ್ಟ್ ನೋಡಾಕ ಫೋನ್ ಇರಲಿಲ್ಲ. ಸಂಜಿಗೆ ಸರ್ ನಮ್ಮನಿಗೆ ಬಂದ್ರು, ಇವನ ಪಕ್ಕ ಕುಂತು ಚಾ ಕುಡದು, "ತಮ್ಮಾ, ನಾಳೆ 6ಕ್ಕ ಬಾ" ಅಂದು ಹೋದ್ರು.

ಈಗ ವಿಜಯಪುರ ಸೈನಿಕ ಸಾಲಿಗೆ ತಯಾರಿ ನಡದೈತಿ. ಅದರ 6ನೇ ಕ್ಲಾಸಿನ ಪರೀಕ್ಷೆ 300 ಮಾರ್ಕ್ಸಿಂದು, 150 ಲೆಕ್ಕದ್ದೇ, ಕನ್ನಡದಾಗ ಬರಿಯಾಕೂ ಬರತೈತಿ. ವಯಸ್ಸು 10ರಿಂದ 12ರ ಒಳಗ ಇರಬೇಕು, ನಮ್ಮವನಿಗೆ ಇನ್ನೊಂದು ಸಲ ಐತಿ.

ಸೇರಿಸೋರು ಲಗೂನ ಹೋಗಿ ಮಾತಾಡ್ರಿ, 24 ಮಂದಿ ಆದ್ಮ್ಯಾಲೆ ತೊಗೊಳ್ಳಲ್ಲ. ಸದ್ಯ 23 ಅದಾರ. ನಮ್ಮ ಹುಡುಗನ ಜೋಡಿ ಜಾಗ ಖಾಲಿ ಐತಿ, ಸದ್ಯಕ್ಕ ಸರೇ ಅವನ ಪಕ್ಕ ಕುಂದರತಾರ.